ನೆಲವೇ ಡೊಂಕಿದ್ದರೆ?

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇಪ್ಪತ್ತೇಳು ವರ್ಷಗಳ ಮೇಷ್ಟರಗಿರಿಯಲ್ಲಿ ಈ ಗಾದೆಯನ್ನು ಎಷ್ಟು ಮಕ್ಕಳ ತಲೆಯ ಮೇಲೆ ಕುಟ್ಟಿದ್ದೇನೋ ಲೆಕ್ಕವಿಟ್ಟಿಲ್ಲ. ತಕ್ಕಡಿ ಸರಿಯಿಲ್ಲ ಎಂದವರಿಗೆ, ಪಿಪೆಟ್ಟು ಸೋರುತ್ತದೆ ಎಂದವರಿಗೆ, ಪೆನ್ನು ಕೈಕೊಟ್ಟಿತು ಎಂದವರಿಗೆ, ಎಲ್ಲರಿಗೂ ಇದೇ ಮದ್ದು. ಕಳೆದ ವರ್ಷ ಹತ್ತನೆಯ ತರಗತಿಯ ಹುಡುಗನೊಬ್ಬನಿಗೂ ಇದನ್ನೇ ಕೊಟ್ಟೆ. ಅವನ ದೂರು ಪ್ರಯೋಗಾಲಯದ ಸಾಮಾನಿನ ಮೇಲಲ್ಲ, ವಿಡಿಯೋ ಆಟದ ಗುಂಡಿಗಳ ಮೇಲೆ. "ನಾನು ಸರಿಯಾಗೇ ಒತ್ತುತ್ತೀನಿ ಸಾರ್, ಗುಂಡಿ ಕೇಳಲ್ಲ" ಎಂದ. ಆಟದಲ್ಲಿ ಸೋತವನ ನೆಪ ಇದು ಎಂದುಕೊಂಡು ಗಾದೆ ಹೇಳಿ ಕಳುಹಿಸಿದೆ.

ತಿಂಗಳ ಬಳಿಕ ತರಗತಿಯಲ್ಲಿ ಅಳತೆಪಟ್ಟಿ ಬೀಳಿಸುವ ಪ್ರಯೋಗ ಮಾಡಿದೆವು. ಒಬ್ಬ ಪಟ್ಟಿಯನ್ನು ಲಂಬವಾಗಿ ಹಿಡಿದು ಹೇಳದೆ ಕೇಳದೆ ಬಿಡುವುದು, ಇನ್ನೊಬ್ಬ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯುವುದು. ಪಟ್ಟಿ ಎಷ್ಟು ಸೆಂಟಿಮೀಟರ್ ಜಾರಿತು ಎಂಬುದರಿಂದ ಅವನ ಪ್ರತಿಕ್ರಿಯೆಗೆ ಹಿಡಿದ ಕಾಲ ಸಿಗುತ್ತದೆ. 20 ಸೆಂಟಿಮೀಟರ್ ಬಿದ್ದರೆ ಸುಮಾರು 0.2 ಸೆಕೆಂಡು. ಹೆಚ್ಚಿನವರು ಅದರ ಆಸುಪಾಸಿನಲ್ಲೇ ಇದ್ದರು. ಈ ಹುಡುಗ ಮಾತ್ರ ಪ್ರತಿ ಸಲವೂ 13 ಸೆಂಟಿಮೀಟರಿನ ಹತ್ತಿರವೇ ಹಿಡಿದ. ಎಂದರೆ 0.16 ಸೆಕೆಂಡು. ಇಡೀ ತರಗತಿಯಲ್ಲಿ ಅವನದೇ ಚುರುಕು ಕೈ. ಕುಣಿಯಲು ಬಲ್ಲವನಿಗೇ ನಾನು ಗಾದೆ ಹೇಳಿದ್ದೆ. ಸಂಜೆ ಅವನನ್ನು ಕರೆದು, "ಆ ಪೆಟ್ಟಿಗೆ ತಗೊಂಡು ಬಾರಯ್ಯ, ನೋಡೋಣ" ಎಂದೆ.

ಅವನು ತಂದದ್ದು ಆರ್ಕೇಡ್ ಸ್ಟಿಕ್ ಎಂಬ ಸಾಧನ. ನೋಡದವರಿಗಾಗಿ ಹೇಳುವುದಾದರೆ, ಮಡಿಲ ಮೇಲೆ ಇಟ್ಟುಕೊಳ್ಳುವಂಥ ಅಗಲವಾದ ಪೆಟ್ಟಿಗೆ. ಎಡಗಡೆ ಗೋಲಿಯಂಥ ತಲೆಯುಳ್ಳ ಒಂದು ಸನ್ನೆ, ಬಲಗಡೆ ಎರಡು ಸಾಲಿನಲ್ಲಿ ಎಂಟು ದುಂಡು ಗುಂಡಿಗಳು. ಎಡಗೈ ಆಟಗಾರನನ್ನು ಓಡಾಡಿಸುತ್ತದೆ, ಬಲಗೈ ಹೊಡೆಸುತ್ತದೆ. ಇದು ಬೇಕಾಗುವುದು ಇಬ್ಬರು ಜಟ್ಟಿಗಳು ಎದುರುಬದುರು ನಿಂತು ಕಾದುವ ಬಗೆಯ ಆಟಗಳಿಗೆ. ಒಳ್ಳೆಯ ಸ್ಟಿಕ್ಕಿನ ಬೆಲೆ ದೊಡ್ಡದು. ಹುಡುಗನ ತಂದೆ ಕೊಡಿಸಿದ್ದು ಅಗ್ಗದ್ದು, ಅದಕ್ಕೂ ನೆಂಟರಿಷ್ಟರು ಕೊಟ್ಟ ಹಣ ಕೂಡಿಸಿ. "ಇಷ್ಟು ಖರ್ಚು ಮಾಡಿದರೂ ಸೋಲ್ತಾನೇ ಇದಾನಲ್ಲ" ಎಂದು ಮನೆಯಲ್ಲಿ ಮಾತು ಬಂದಿತ್ತಂತೆ. ಹುಡುಗನಿಗೆ ನೋವಾಗಿದ್ದು ಸೋಲಿನಿಂದಲ್ಲ, ಈ ಮಾತಿನಿಂದ.

ರಬ್ಬರ್ ಮೆತ್ತೆಯಿಂದ ಆರು ಗುಂಡಿಗೆ

ಈ ಗುಂಡಿಗಳ ಹುಟ್ಟಿಗೇ ಒಂದು ಸ್ವಾರಸ್ಯವಿದೆ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1987ರಲ್ಲಿ ಸ್ಟ್ರೀಟ್ ಫೈಟರ್ ಎಂಬ ಆಟವನ್ನು ಹೊರತಂದಾಗ, ಅದರ ದುಬಾರಿ ಮಾದರಿಯಲ್ಲಿ ಗುಂಡಿಗಳ ಬದಲಿಗೆ ಎರಡು ದೊಡ್ಡ ರಬ್ಬರ್ ಮೆತ್ತೆಗಳಿದ್ದವು. ಒಂದು ಗುದ್ದಿಗೆ, ಇನ್ನೊಂದು ಒದೆಗೆ. ಮೆತ್ತೆಯನ್ನು ಎಷ್ಟು ಜೋರಾಗಿ ಗುದ್ದುತ್ತೀರೋ ಪರದೆಯ ಜಟ್ಟಿಯೂ ಅಷ್ಟೇ ಜೋರಾಗಿ ಗುದ್ದುತ್ತಾನೆ. ಕೇಳಲು ಸೊಗಸು. ಆದರೆ ಜನ ಮುಷ್ಟಿ ಬಿಗಿದು ಕುಟ್ಟಿದರು, ಕೈ ನೋಯಿಸಿಕೊಂಡರು, ಯಂತ್ರವೂ ತಾಳಲಿಲ್ಲ. ಆಗ ಬಂದ ಪರಿಹಾರವೇ ಆರು ಗುಂಡಿಗಳ ಮಾದರಿ: ಹಗುರ, ಮಧ್ಯಮ, ಬಲವಾದ ಗುದ್ದಿಗೆ ಮೂರು, ಒದೆಗೆ ಮೂರು. 1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2 ಜಗತ್ತನ್ನೆಲ್ಲ ಸುತ್ತಿತು. ಆರು ಗುಂಡಿಗಳೂ ಅದರೊಂದಿಗೆ ಸುತ್ತಿದವು. ಮುಂದೆ ಮನೆಯ ಯಂತ್ರಗಳಿಗಾಗಿ ಇನ್ನೆರಡು ಸೇರಿ ಎಂಟಾದವು.

ಗಮನಿಸಿ, ಇಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ಮೆತ್ತೆಗೆ ಬೇಕಾಗಿದ್ದುದು ಬಲ. ಗುಂಡಿಗೆ ಬಲದ ಹಂಗಿಲ್ಲ, ಅದು ಹೇಳುವುದು "ಹೌದು" ಅಥವಾ "ಇಲ್ಲ" ಎಂಬ ಒಂದೇ ಮಾತು. ಹಾಗಾಗಿ ಆಟದ ಕೌಶಲವೆಲ್ಲ ಒಂದು ಪ್ರಶ್ನೆಗೆ ಬಂದು ನಿಂತಿತು: ಯಾವಾಗ?

ಈ "ಯಾವಾಗ" ಎಷ್ಟು ಸೂಕ್ಷ್ಮ ಎಂದರೆ, ಇಂಥ ಆಟಗಳು ಸೆಕೆಂಡಿಗೆ 60 ಚಿತ್ರಗಳಂತೆ ನಡೆಯುತ್ತವೆ. ಒಂದು ಚಿತ್ರದ ಆಯುಸ್ಸು ಸುಮಾರು 16.7 ಮಿಲಿಸೆಕೆಂಡು. ಸ್ಟ್ರೀಟ್ ಫೈಟರ್ 4 ಆಟದಲ್ಲಿ ಒಂದು ಹೊಡೆತಕ್ಕೆ ಇನ್ನೊಂದನ್ನು ಪೋಣಿಸಲು ಕೆಲವು ಕಡೆ ಸಿಗುತ್ತಿದ್ದ ಅವಕಾಶ ಒಂದೇ ಒಂದು ಚಿತ್ರದಷ್ಟು. ಮೊದಲೇ ಒತ್ತಿದರೂ ಇಲ್ಲ, ತಡವಾಗಿ ಒತ್ತಿದರೂ ಇಲ್ಲ. 2016ರ ಸ್ಟ್ರೀಟ್ ಫೈಟರ್ 5 ಇದನ್ನು ಸಡಿಲಿಸಿ ಒಂದೆರಡು ಚಿತ್ರಗಳ ಮುಂಚೆಯೇ ಒತ್ತಿದರೂ ಒಪ್ಪಿಕೊಳ್ಳುವಂತೆ ಮಾಡಿತು. ಹಾಗೆ ಮಾಡಿದ ಮೇಲೂ ನಾವು ಮಾತಾಡುತ್ತಿರುವುದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದ ಬಗ್ಗೆ. ಇಲ್ಲಿ ತಾಳ ತಪ್ಪದವನೇ ಗೆಲ್ಲುವವನು. ಮೃದಂಗದವನ ಕೈ ಎಷ್ಟೇ ಪಳಗಿರಲಿ, ಹತ್ತು ಪೆಟ್ಟಿಗೊಮ್ಮೆ ಮೃದಂಗವೇ ಮೌನವಾದರೆ ಅವನೇನು ಮಾಡಬೇಕು?

ಗುಂಡಿಯ ಹೊಟ್ಟೆಯೊಳಗೆ

ಅಗ್ಗದ ಸ್ಟಿಕ್ಕುಗಳಲ್ಲೂ ಜಾತಿಗಳಿವೆ. ತೀರಾ ಅಗ್ಗದ್ದರಲ್ಲಿ ಗುಂಡಿಯ ಕೆಳಗೆ ಇರುವುದು ಟೀವಿ ರಿಮೋಟಿನಲ್ಲಿರುವಂಥ ರಬ್ಬರಿನ ಗುಬುಟು. ಅದರ ತಳದಲ್ಲಿ ಇಂಗಾಲದ ಬಿಲ್ಲೆಯೊಂದಿದ್ದು, ಒತ್ತಿದಾಗ ಅದು ಫಲಕದ ಮೇಲಿನ ಎರಡು ಗೆರೆಗಳನ್ನು ಕೂಡಿಸುತ್ತದೆ. ಹಳೆಯ ರಿಮೋಟನ್ನು ನಾವು ಹೇಗೆ ಒತ್ತುತ್ತೇವೆ, ಹೇಗೆ ಬಡಿಯುತ್ತೇವೆ ಎಂದು ನೆನಪಿಸಿಕೊಂಡರೆ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಂಥದ್ದು ಕೆಟ್ಟರೆ ಬಿಡಿ ಗುಂಡಿ ಹಾಕುವಂತೆಯೂ ಇಲ್ಲ.

ಸ್ವಲ್ಪ ಮೇಲಿನ ದರ್ಜೆಯಲ್ಲಿ ಪ್ರತಿ ಗುಂಡಿಗೂ ತನ್ನದೇ ಮೈಕ್ರೋಸ್ವಿಚ್ಚು. ಇದು ಆಟಕ್ಕಾಗಿ ಹುಟ್ಟಿದ್ದಲ್ಲ. 1932ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಫ್ರೀಪೋರ್ಟ್ ಎಂಬ ಊರಿನ ಬ್ಯಾಟರಿ ಕಾರ್ಖಾನೆಯೊಂದರಲ್ಲಿದ್ದ ಮ್ಯಾಕ್‌ಗಾಲ್ ಎಂಬಾತ ಕಂಡುಹಿಡಿದದ್ದು. ಇದರ ಗುಟ್ಟನ್ನು ತಿಳಿಯಲು ಜಾತ್ರೆಯಲ್ಲಿ ಸಿಗುತ್ತಿದ್ದ ತಗಡಿನ ಟಿಕ್‌ಟಿಕ್ ಕಪ್ಪೆಯನ್ನು ನೆನೆಸಿಕೊಳ್ಳಿ. ಹೊಟ್ಟೆಯ ತಗಡನ್ನು ನಿಧಾನವಾಗಿ ಒತ್ತುತ್ತಾ ಹೋದರೆ ಒಂದು ಹಂತದವರೆಗೆ ಏನೂ ಆಗುವುದಿಲ್ಲ. ಆ ಹಂತ ದಾಟಿದೊಡನೆ ತಗಡು ತಾನಾಗಿ ಒಳಕ್ಕೆ ಜಿಗಿದು ಟಿಕ್ ಎನ್ನುತ್ತದೆ. ನೀವು ನಿಧಾನವಾಗಿ ಒತ್ತಿ, ಜೋರಾಗಿ ಒತ್ತಿ, ಅದರ ಜಿಗಿತ ಮಾತ್ರ ಒಂದೇ ವೇಗದ್ದು. ಮೈಕ್ರೋಸ್ವಿಚ್ಚಿನಲ್ಲಿ ಬಾಗಿದ ಒಂದು ಲೋಹದ ಎಲೆ ಹೀಗೆಯೇ ಜಿಗಿದು ಸಂಪರ್ಕ ಕೂಡಿಸುತ್ತದೆ. ಕೂಡುವ ಜಾಗ ಒಂದು, ಬಿಡುವ ಜಾಗ ಅದಕ್ಕಿಂತ ತುಸು ಮೇಲೆ. ಈ ಅಂತರ ಬೇಕೆಂದೇ ಇಟ್ಟದ್ದು. ಇಲ್ಲದಿದ್ದರೆ ಬೆರಳು ತುಸು ನಡುಗಿದರೂ ಸಂಪರ್ಕ ಹತ್ತಿ ಆರಿ ಹತ್ತಿ ಆರಿ ಎನ್ನುತ್ತಿತ್ತು.

ಆದರೆ ಈ ಅಂತರ ಹೆಚ್ಚಾದರೂ ಕಷ್ಟ. ಸ್ಟ್ರೀಟ್ ಫೈಟರ್ 2ರಲ್ಲಿ ಹೋಂಡಾ ಎಂಬ ಸುಮೋ ಜಟ್ಟಿಯಿದ್ದಾನೆ. ಗುದ್ದಿನ ಗುಂಡಿಯನ್ನು ಬಿಡದೆ ಟಪಟಪನೆ ಒತ್ತಿದರೆ ಅವನ ಅಂಗೈಗಳು ಗಾಳಿಪಟದ ಬಾಲದಂತೆ ಆಡತೊಡಗುತ್ತವೆ. ಹೀಗೆ ಒತ್ತುವಾಗ ಬೆರಳು ಗುಂಡಿಯನ್ನು ಪೂರ್ತಿ ಮೇಲೇಳಲು ಬಿಡುವುದಿಲ್ಲ. ಸ್ವಿಚ್ಚು ಬಿಡುವ ಜಾಗ ತೀರಾ ಮೇಲಿದ್ದರೆ ಹತ್ತು ಒತ್ತುಗಳಲ್ಲಿ ಆರೇಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಉಳಿದವನ್ನು ಆಟಗಾರ ಒತ್ತಿದ್ದಾನೆ, ಯಂತ್ರದ ಪಾಲಿಗೆ ಮಾತ್ರ ಅವು ಇಲ್ಲ.

ಇನ್ನೊಂದು ಕೀಟಲೆ ಲೋಹದ ಪುಟಿತ. ಚೆಂಡು ನೆಲಕ್ಕೆ ಬಿದ್ದೊಡನೆ ನಿಲ್ಲುವುದಿಲ್ಲವಷ್ಟೆ? ಎರಡು ಲೋಹದ ಬಿಂದುಗಳು ತಾಗಿದಾಗಲೂ ಹೀಗೆಯೇ ಒಂದೆರಡು ಮಿಲಿಸೆಕೆಂಡು ಪುಟಿದು ಪುಟಿದು ಸುಮ್ಮನಾಗುತ್ತವೆ. ಆ ಹೊತ್ತಿನಲ್ಲಿ ಒಂದು ಒತ್ತು ಹಲವು ಒತ್ತುಗಳಂತೆ ಕಾಣುತ್ತದೆ. ಅದಕ್ಕೇ ಪೆಟ್ಟಿಗೆಯೊಳಗಿನ ಚಿಪ್ಪು ಇದನ್ನು ಸೋಸಬೇಕು. ಜಾಣ ಚಿಪ್ಪು ಮೊದಲ ತಾಕನ್ನೇ ಒತ್ತು ಎಂದು ಒಪ್ಪಿ, ಆಮೇಲೆ ಕೆಲವು ಮಿಲಿಸೆಕೆಂಡು ಕಿವಿ ಮುಚ್ಚಿಕೊಳ್ಳುತ್ತದೆ. ಪೆದ್ದ ಚಿಪ್ಪು ಪುಟಿತ ಪೂರ್ತಿ ನಿಲ್ಲುವ ತನಕ ಕಾದು ಆಮೇಲೆ ಒಪ್ಪುತ್ತದೆ. ಸ್ವಿಚ್ಚು ಕಳಪೆಯಾದಷ್ಟೂ ಪುಟಿತ ಹೆಚ್ಚು, ಕಾಯುವಿಕೆಯೂ ಹೆಚ್ಚು. ಒಂದೇ ಚಿತ್ರದ ಅವಕಾಶವಿರುವ ಕಡೆ ಈ ಕಾಯುವಿಕೆಗೆ ತಕ್ಕ ಬೆಲೆ ತೆರಬೇಕಾಗುತ್ತದೆ.

ಇನ್ನು ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಅಗ್ಗದ ಮೈಕ್ರೋಸ್ವಿಚ್ಚಿನ ಬೆನ್ನ ಮೇಲೆ "5 ಆಂಪಿಯರ್, 250 ವೋಲ್ಟ್" ಎಂದು ಬರೆದಿರುವುದುಂಟು. ನೋಡಿದವರಿಗೆ ಎಂಥ ಗಟ್ಟಿ ಆಸಾಮಿ ಅನ್ನಿಸುತ್ತದೆ. ಆದರೆ ಆಟದ ಪೆಟ್ಟಿಗೆಯಲ್ಲಿ ಹರಿಯುವ ವಿದ್ಯುತ್ತು ಎಷ್ಟು? 5 ವೋಲ್ಟು 10,000 ಓಮ್ ರೋಧದ ಮೂಲಕ ಹರಿದರೆ ಓಮನ ನಿಯಮದಂತೆ 0.0005 ಆಂಪಿಯರ್. ಬರೆದದ್ದರ ಹತ್ತು ಸಾವಿರದ ಒಂದು ಪಾಲು. ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎನ್ನಬೇಡಿ. ಇಂಥ ಸ್ವಿಚ್ಚಿನ ಸಂಪರ್ಕ ಬಿಂದುಗಳು ಸಾಮಾನ್ಯವಾಗಿ ಬೆಳ್ಳಿಯ ಮಿಶ್ರಲೋಹದವು. ದೇವರ ಮನೆಯ ಬೆಳ್ಳಿ ದೀಪ ಹೇಗೆ ಕಪ್ಪಾಗುತ್ತದೋ ಹಾಗೆ ಗಾಳಿಯಲ್ಲಿರುವ ಗಂಧಕದ ಅನಿಲದಿಂದ ಇವುಗಳ ಮೇಲೂ ಸಲ್ಫೈಡಿನ ಪೊರೆ ಕೂರುತ್ತದೆ. ಹೆಚ್ಚು ವಿದ್ಯುತ್ತು ಹರಿಯುವ ಕಡೆ ಪ್ರತಿ ಸಲದ ಸಣ್ಣ ಕಿಡಿ ಆ ಪೊರೆಯನ್ನು ಸುಟ್ಟು ತೊಳೆಯುತ್ತದೆ. ಸೊನ್ನೆಗೆ ಹತ್ತಿರದ ಈ ವಿದ್ಯುತ್ತಿಗೆ ಆ ಶಕ್ತಿಯಿಲ್ಲ. ಪೊರೆ ಹಾಗೆಯೇ ಉಳಿಯುತ್ತದೆ, ಸಂಪರ್ಕ ಒಮ್ಮೆ ಸಿಕ್ಕಿ ಒಮ್ಮೆ ತಪ್ಪುತ್ತದೆ. ಅದಕ್ಕೇ ಸಣ್ಣ ವಿದ್ಯುತ್ತಿನ ಸ್ವಿಚ್ಚುಗಳ ಬಿಂದುಗಳಿಗೆ ಚಿನ್ನದ ತೆಳು ಲೇಪ ಕೊಡುತ್ತಾರೆ. ಚಿನ್ನ ಕಪ್ಪಾಗುವುದಿಲ್ಲವೆಂದು ಅಜ್ಜಿಯರಿಗೂ ಗೊತ್ತು. ದೊಡ್ಡ ಅಂಕಿ ಬರೆದ ಸ್ವಿಚ್ಚು ಪಂಪುಸೆಟ್ಟಿಗೆ ಒಳ್ಳೆಯದಿರಬಹುದು, ಇಲ್ಲಿ ಅದು ಅರ್ಹತೆಯೇ ಅಲ್ಲ.

ಉಳಿದದ್ದು ಪ್ಲಾಸ್ಟಿಕ್ಕಿನ ಕೆಲಸ. ಗುಂಡಿಯ ಕೊಂತ ತನ್ನ ಗೂಡಿನಲ್ಲಿ ಮೇಲೆ ಕೆಳಗೆ ಜಾರಬೇಕು. ಗೂಡು ಸಡಿಲವಾದರೆ ಗುಂಡಿ ವಾಲುತ್ತದೆ, ಬಿಗಿಯಾದರೆ ಸಿಕ್ಕಿಕೊಳ್ಳುತ್ತದೆ. ಆಟದ ಬಿರುಸಿನಲ್ಲಿ ಬೆರಳು ಬೀಳುವುದು ಗುಂಡಿಯ ನಟ್ಟನಡುವೆ ಅಲ್ಲ, ಅಂಚಿನ ಮೇಲೆ. ಅಲ್ಲಿಯೇ ಒಳ್ಳೆಯ ಗುಂಡಿಗೂ ಕೆಟ್ಟದ್ದಕ್ಕೂ ವ್ಯತ್ಯಾಸ ತಿಳಿಯುವುದು. ಜಪಾನಿನ ಸಾನ್ವಾ, ಸೇಮಿತ್ಸು ಕಂಪನಿಗಳ 30 ಮಿಲಿಮೀಟರ್ ಗುಂಡಿಗಳಿಗೆ ಹೆಸರು ಬಂದಿರುವುದು ಹೆಚ್ಚಾಗಿ ಈ ಕಾರಣಕ್ಕೆ: ಅಂಚಿನಲ್ಲಿ ಒತ್ತಿದರೂ, ನಡುವೆ ಒತ್ತಿದರೂ, ಎಂಟರಲ್ಲಿ ಯಾವುದನ್ನು ಒತ್ತಿದರೂ ಅವು ನಡೆದುಕೊಳ್ಳುವುದು ಒಂದೇ ರೀತಿ. ಹಾಗೆಂದು ಅವೇ ಎಲ್ಲರಿಗೂ ಪ್ರಿಯ ಎಂದೇನಿಲ್ಲ. ಸಾನ್ವಾ ಗುಂಡಿ ತೀರಾ ಹಗುರ, ಬೆರಳಿಟ್ಟರೆ ಸಾಕು ಒತ್ತಿಕೊಂಡುಬಿಡುತ್ತದೆ ಎಂದು ಗೊಣಗುವವರೂ ಉಂಟು. ಅಮೆರಿಕದ ನಿಂತು ಆಡುವ ಯಂತ್ರಗಳ ಸುರುಳಿ ಸ್ಪ್ರಿಂಗಿನ ಬಿಗಿ ಗುಂಡಿಯೇ ಹಿತ ಎನ್ನುವವರೂ ಉಂಟು. ರುಚಿ ಬೇರೆ, ಗುಣ ಬೇರೆ.

ಬಿಚ್ಚಿ ನೋಡಿದಾಗ

ಹುಡುಗನ ಪೆಟ್ಟಿಗೆಯನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು, ಬಿಚ್ಚುವ ಮುನ್ನ ಮೂರು ಪರೀಕ್ಷೆ ಮಾಡಿದೆವು. ಇವನ್ನು ಯಾರೂ ಮನೆಯಲ್ಲಿ ಮಾಡಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಆಟದ ಸಾಧನಗಳನ್ನು ಪರೀಕ್ಷಿಸುವ ಕಿಟಕಿಯೊಂದಿದೆ. ಗುಂಡಿ ಒತ್ತಿದರೆ ಅಲ್ಲಿ ಕೆಂಪು ದೀಪ ಹತ್ತುತ್ತದೆ. ಮೊದಲಿಗೆ ಗುಂಡಿಯನ್ನು ಬಹಳ ನಿಧಾನವಾಗಿ ಒತ್ತಿದೆವು. ಟಿಕ್ ಎಂದ ಕ್ಷಣಕ್ಕೇ ದೀಪ ಹತ್ತಬೇಕು. ಟಿಕ್ ಆದಮೇಲೂ ಇನ್ನಷ್ಟು ಒತ್ತಬೇಕಾದರೆ ಸಂಪರ್ಕ ಬಿಂದು ಕೊಳೆಯಾಗಿದೆ ಅಥವಾ ಸವೆದಿದೆ ಎಂದು ಅರ್ಥ. ಎರಡನೆಯದು, ಪ್ರತಿ ಗುಂಡಿಯನ್ನೂ ನಾಲ್ಕು ಅಂಚುಗಳಲ್ಲಿ ಒತ್ತಿ ನೋಡುವುದು. ಮೂರನೆಯದು ನನ್ನ ಸ್ವಂತ ಉಪಾಯ: ಒಂದೇ ಬಗೆಯ ಐದು ರೂಪಾಯಿ ನಾಣ್ಯಗಳನ್ನು ಗುಂಡಿಯ ಮೇಲೆ ಒಂದೊಂದಾಗಿ ಪೇರಿಸುತ್ತಾ, ಎಷ್ಟನೆಯ ನಾಣ್ಯಕ್ಕೆ ದೀಪ ಹತ್ತುತ್ತದೆ ಎಂದು ಬರೆದುಕೊಳ್ಳುವುದು. ಇಲ್ಲಿ ಸಂಖ್ಯೆ ಮುಖ್ಯವಲ್ಲ, ಎಂಟೂ ಗುಂಡಿಗಳ ಸಂಖ್ಯೆ ಹತ್ತಿರ ಹತ್ತಿರ ಇದೆಯೇ ಎಂಬುದು ಮುಖ್ಯ.

ಆರು ಗುಂಡಿಗಳು ಒಂದೇ ಸಮ ಇದ್ದವು. ಅಗ್ಗದ್ದೆಂದು ಮೂಗು ಮುರಿಯುವಂಥದ್ದೇನೂ ಅವುಗಳಲ್ಲಿ ಇರಲಿಲ್ಲ ಎಂದು ಒಪ್ಪಲೇಬೇಕು. ಬಲವಾದ ಗುದ್ದಿನ ಗುಂಡಿಗೆ ಮಾತ್ರ ಉಳಿದವುಗಳಿಗಿಂತ ನಾಲ್ಕು ನಾಣ್ಯ ಹೆಚ್ಚು ಬೇಕಾಯಿತು. ಬಲ ಅಂಚಿನಲ್ಲಿ ಒತ್ತಿದರೆ ಅದು ಅರ್ಧದಲ್ಲೇ ನಿಂತುಬಿಡುತ್ತಿತ್ತು. ಬಲವಾದ ಒದೆಯ ಗುಂಡಿ ನಾಣ್ಯದ ಪರೀಕ್ಷೆಯಲ್ಲಿ ಪಾಸು, ಆದರೂ ಜೋರಾಗಿ ಒತ್ತಿದಾಗ ಒಮ್ಮೊಮ್ಮೆ ದೀಪವೇ ಹತ್ತುತ್ತಿರಲಿಲ್ಲ. ಹುಡುಗನ ಮುಖ ನೋಡಬೇಕಿತ್ತು. "ಇವೆರಡೇ ಸಾರ್, ನಾನು ಹೇಳಿದ್ದು ಇವನ್ನೇ!"

ಕೆಳಗಿನ ತಿರುಪುಗಳನ್ನು ಬಿಚ್ಚಿದೆವು. ಗುದ್ದಿನ ಗುಂಡಿಯ ಕೊಂತದ ಪಕ್ಕದಲ್ಲಿ ಅಚ್ಚಿನಿಂದ ಹೊರಚಾಚಿದ ಪ್ಲಾಸ್ಟಿಕ್ಕಿನ ಏಣೊಂದು ಉಳಿದಿತ್ತು, ಕೂದಲೆಳೆಗಿಂತ ಸ್ವಲ್ಪ ದಪ್ಪ. ಕಾರ್ಖಾನೆಯಲ್ಲಿ ಅದನ್ನು ಕೆರೆದು ತೆಗೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಅಗ್ಗದ ಮಾಲಿನ ಮರ್ಮ ಇದೇ ಎಂದು ನನಗನ್ನಿಸುತ್ತದೆ. ಎಂಟರಲ್ಲಿ ಆರು ಚೆನ್ನಾಗಿರಬಲ್ಲವು. ಉಳಿದೆರಡನ್ನು ಹುಡುಕಿ ಬೇರೆ ಮಾಡುವ ಕಣ್ಣಿಗೆ ಕೊಡಬೇಕಾದ ಸಂಬಳವನ್ನೇ ಅಲ್ಲಿ ಉಳಿಸಿರುತ್ತಾರೆ. ಒದೆಯ ಗುಂಡಿಯ ಸಂಗತಿ ಇನ್ನೂ ಸುಲಭದ್ದು. ಗುಂಡಿ ನಿರ್ದೋಷಿ. ತಂತಿಯ ತುದಿಯ ಹಿತ್ತಾಳೆಯ ಕೊಕ್ಕೆ ಸ್ವಿಚ್ಚಿನ ಕಡ್ಡಿಯ ಮೇಲೆ ಸಡಿಲವಾಗಿ ಕೂತಿತ್ತು, ಗುದ್ದಿಗೆ ಅಲುಗಾಡುತ್ತಿತ್ತು. ಇಕ್ಕಳದಿಂದ ಕೊಕ್ಕೆಯನ್ನು ತುಸು ಅಮುಕಿ ಕೂರಿಸಿದೆವು. ಏಣನ್ನು ನಯವಾದ ಉಜ್ಜುಕಾಗದದಿಂದ ತೆಗೆದೆವು. ಖರ್ಚು ಸೊನ್ನೆ. ನಿಮ್ಮ ಮನೆಯದನ್ನು ಬಿಚ್ಚುವುದಿದ್ದರೆ ವಾಪಸು ಮಾಡುವ ಅವಧಿ ಮುಗಿದಿದೆಯೇ ನೋಡಿಕೊಳ್ಳಿ, ತಂತಿ ಕಳಚಿಡಿ, ಯಾವ ಬಣ್ಣದ ತಂತಿ ಎಲ್ಲಿತ್ತೆಂದು ಚಿತ್ರ ಬರೆದಿಟ್ಟುಕೊಳ್ಳಿ.

ಕೊಳ್ಳುವ ತಂದೆತಾಯಿಯರಿಗೆ ಹೇಳಬಹುದಾದ ಒಂದು ಹಳೆಯ ನಿದರ್ಶನವಿದೆ. 2009ರಲ್ಲಿ ಸ್ಟ್ರೀಟ್ ಫೈಟರ್ 4ರ ಜೊತೆಗೆ ಅಮೆರಿಕದ ಮ್ಯಾಡ್ ಕ್ಯಾಟ್ಜ್ ಕಂಪನಿ ಎರಡು ಸ್ಟಿಕ್ಕುಗಳನ್ನು ಮಾರುಕಟ್ಟೆಗೆ ತಂದಿತು. ದುಬಾರಿಯದರಲ್ಲಿ ಸಾನ್ವಾ ಗುಂಡಿ, ಸಾನ್ವಾ ಸನ್ನೆ. ಸುಮಾರು ಅರ್ಧ ಬೆಲೆಯದರಲ್ಲಿ ಕಂಪನಿಯ ಸ್ವಂತ ಬಿಡಿಭಾಗಗಳು. ಆದರೆ ಅಗ್ಗದ ಪೆಟ್ಟಿಗೆಯ ತೂತುಗಳಲ್ಲೂ ಸಾನ್ವಾ ಗುಂಡಿ ಕೂರುತ್ತಿತ್ತು, ತಂತಿಗಳನ್ನು ಬೆಸುಗೆಯಿಲ್ಲದೆ ಕಿತ್ತು ಸಿಕ್ಕಿಸಬಹುದಿತ್ತು. ಕೈಯಲ್ಲಿ ಕಾಸಿಲ್ಲದ ಹುಡುಗರು ಅಗ್ಗದ್ದನ್ನೇ ಕೊಂಡು, ಕಾಸು ಕೂಡಿದಂತೆಲ್ಲ ಒಂದೊಂದೇ ಗುಂಡಿ ಬದಲಿಸುತ್ತಾ ಹೋದರು. ಆ ಕಂಪನಿ 2017ರಲ್ಲಿ ದಿವಾಳಿಯಾಯಿತು. ಅದು ಬೇರೆ ಕಥೆ. ಮೇಫ್ಲ್ಯಾಶ್ ಎಫ್ 300ರಂಥ ಅಗ್ಗದ ಸ್ಟಿಕ್ಕುಗಳಲ್ಲಿಯೂ ಹೀಗೆ ಗುಂಡಿ ಬದಲಿಸಬಹುದು. ಆದ್ದರಿಂದ ಹೊರಗಿನ ಚಿತ್ರ, ಮಿನುಗುವ ದೀಪ ನೋಡಬೇಡಿ. ಗುಂಡಿಗಳು 30 ಮಿಲಿಮೀಟರಿನವೇ, ಬಿಚ್ಚಿ ತೆಗೆಯಲು ಬರುತ್ತವೆಯೇ ಎಂದು ಕೇಳಿ. ಗುಂಡಿಗಳನ್ನು ನೇರವಾಗಿ ಫಲಕದ ಮೇಲೆ ಕೂರಿಸಿದ್ದರೆ ಒಂದು ಗುಂಡಿ ಸತ್ತರೂ ಪೆಟ್ಟಿಗೆಯೇ ಸತ್ತಂತೆ.

ಆಟಕ್ಕೆ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆಯೂ ಬರುತ್ತದೆ. ನನಗೂ ಬಂದಿತ್ತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ 2023ರಲ್ಲಿ ನಡೆದಾಗ ಸ್ಟ್ರೀಟ್ ಫೈಟರ್ 5 ಪದಕದ ಸ್ಪರ್ಧೆಯಾಗಿತ್ತು, ಭಾರತದಿಂದಲೂ ಆಟಗಾರರು ಹೋಗಿದ್ದರು. ಚಿನ್ನ ಗೆದ್ದದ್ದು ದಕ್ಷಿಣ ಕೊರಿಯಾದ ಕಿಮ್ ಗ್ವಾನ್‌ವೂ, ವಯಸ್ಸು 44. ಇದನ್ನು ಹುಡುಗನೇ ನನಗೆ ಹೇಳಿದ್ದು. ಬಹುಶಃ ನನ್ನ ನರೆತ ತಲೆಯನ್ನು ನೋಡಿ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ಭಾನುವಾರ ಒಂದು ಗಂಟೆ ಮಾತ್ರ ಎಂದು ಅವನ ತಂದೆ ವಿಧಿಸಿದ ನಿಯಮಕ್ಕೆ ನನ್ನ ಬೆಂಬಲವೂ ಇತ್ತೆನ್ನಿ.

ಪೆಟ್ಟಿಗೆ ಮನೆಗೆ ಹೋದ ಮುಂದಿನ ಸೋಮವಾರ ಅವನು ಸಿಕ್ಕಿದ. ಗೆದ್ದೆಯಾ ಎಂದು ಕೇಳಿದೆ.

"ಇಲ್ಲ ಸಾರ್. ಮತ್ತೆ ಸೋತೆ. ಆದರೆ ಈ ಸಲ ಗುಂಡಿಯೆಲ್ಲ ಕೇಳಿತು. ಎರಡು ಕಡೆ ನಾನೇ ಆತುರ ಮಾಡಿ ಮೊದಲೇ ಒತ್ತಿಬಿಟ್ಟೆ" ಎಂದು ನಗುತ್ತಾ, ಎಲ್ಲಿ ಎಂಬುದನ್ನು ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದ.